ನಿಮಗಿದು ಗೊತ್ತೇ? ಮೆಟ್ಟಿಲ ಕೆಳಗಿನ ಬಕೆಟ್ಟಿನ ಕತೆ

ಮೂಗು ಸುಡುವಷ್ಟು ಘಾಟು ಬಂದರೇನೇ ನೆಲ ಶುಚಿಯಾಯಿತು ಅಂತ ನಂಬುವವರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ಶುಚಿತ್ವಕ್ಕೆ ವಾಸನೆಯಿಲ್ಲ. ವಾಸನೆಯಿರುವುದು ಬಕೆಟ್ಟಿಗೆ ಸುರಿದ ರಾಸಾಯನಿಕಕ್ಕೆ.

ಟಾಯ್ಲೆಟ್ ತೊಳೆಯುವ ಆಸಿಡ್ಡೂ ಬ್ಲೀಚಿಂಗ್ ಪೌಡರೂ ಒಂದೇ ಬಕೆಟ್ಟಿಗೆ ಬಿದ್ದರೆ ಏನು ಹುಟ್ಟುತ್ತದೆ ಗೊತ್ತೇ? ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿಗಳ ಕಂದಕಗಳತ್ತ ಹರಿಯಬಿಟ್ಟದ್ದು ಇದೇ ಅನಿಲವನ್ನು. ಇದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲಕ್ಕೇರಿ ಚದುರುವುದಿಲ್ಲ, ತಗ್ಗು ಹುಡುಕಿ ಇಳಿಯುತ್ತದೆ. ಅಂದು ಕಂದಕ, ಇಂದು ಬೇಸ್‌ಮೆಂಟಿನಲ್ಲಿರುವ ಸೆಕ್ಯುರಿಟಿಯವರ ಶೌಚಾಲಯ. ಕುಕ್ಕರಗಾಲಲ್ಲಿ ಕೂತು ನೆಲ ಉಜ್ಜುವವರ ಮೂಗಿರುವುದೂ ಅಷ್ಟೇ ಎತ್ತರದಲ್ಲಿ.

ನಮ್ಮ ಬ್ಲಾಕಿನ ಹೌಸ್‌ಕೀಪಿಂಗ್ ಅಕ್ಕನನ್ನು ಕೇಳಿದೆ. "ಎರಡೂ ಸೇರ್ಸಿದ್ರೆ ಕಲೆ ಬೇಗ ಬಿಡ್ತದೆ ಸಾರ್. ಕೆಮ್ಮು ಬರ್ತದೆ, ಒಂದೈದು ನಿಮಿಷ ಅಷ್ಟೆ" ಎಂದರು. ಕೆಮ್ಮನ್ನು ಅವರು ಕೆಲಸದ ಒಂದು ಭಾಗವೆಂದೇ ಲೆಕ್ಕ ಹಿಡಿದಿದ್ದರು. ಅಂಥ ಘಾಟು ಎದ್ದಾಗ ಮಾಡಬೇಕಾದದ್ದು ಒಂದೇ: ಬಕೆಟ್ಟನ್ನು ಅಲ್ಲೇ ಬಿಟ್ಟು, ಬಾಗಿಲು ತೆರೆದಿಟ್ಟು ಬಯಲಿಗೆ ಬರುವುದು. ಉಸಿರು ಕಟ್ಟಿದಂತಾದರೆ ನೇರ ಆಸ್ಪತ್ರೆಗೆ.

ಬ್ಲೀಚಿಂಗ್ ದ್ರಾವಣಕ್ಕೆ ಬಿಸಿನೀರು ಬೆರೆಸಿದರೆ ಶಕ್ತಿ ಹೆಚ್ಚುವುದಿಲ್ಲ, ಇಳಿಯುತ್ತದೆ. ಬಿಸಿಲೂ ಅದಕ್ಕೆ ಆಗದು. ನಿನ್ನೆ ಕಲಸಿಟ್ಟ ದ್ರಾವಣಕ್ಕೆ ಇವತ್ತು ಆ ಕಸುವಿರುವುದಿಲ್ಲ. ಆಯಾ ದಿನದ್ದನ್ನು ಆಯಾ ದಿನವೇ ಕಲಸಬೇಕು. ಇನ್ನೊಂದು ಮಾತು. ಮಣ್ಣು, ಜಿಡ್ಡಿನ ಮೇಲೆ ಸುರಿದ ಕ್ಲೋರಿನ್ ಆ ಕೊಳೆಯ ಜೊತೆ ಗುದ್ದಾಡಿಯೇ ಮುಗಿದುಹೋಗುತ್ತದೆ, ರೋಗಾಣುವಿನವರೆಗೆ ತಲುಪುವುದೇ ಇಲ್ಲ. ಮೊದಲು ಸೋಪಿನ ನೀರು, ಆಮೇಲೆ ಬ್ಲೀಚಿಂಗ್. ಹಾಕಿದ ತಕ್ಷಣ ಒರೆಸಿಬಿಟ್ಟರೂ ಹಾಕದಂತೆಯೇ.

ಲಿಫ್ಟಿನ ಸ್ಟೀಲ್ ಬಾಗಿಲಿನ ಮೇಲೆ ತುಕ್ಕಿನ ಚುಕ್ಕೆಗಳಿವೆಯೇ? ಬ್ಲೀಚಿಂಗ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸುತ್ತಿರಬಹುದು. ಮಾರ್ಬಲ್ಲಿಗೆ ಆಸಿಡ್ ತಾಗಿದರೆ ನೊರೆ ಬರುತ್ತದೆ. ಕೊಳೆ ಬಿಡುತ್ತಿದೆ ಎಂದು ಖುಷಿಪಡಬೇಡಿ, ಕರಗುತ್ತಿರುವುದು ಕಲ್ಲೇ.

ಆಸಿಡ್ ಬಾಟಲಿಯ ವಿಷಯಕ್ಕೆ ಬರೋಣ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ, ಒಳಗೆ ತಿಳಿ ಹಳದಿ ದ್ರವ, ಮೇಲೆ ಹಳೆಯ ಲೇಬಲ್ ಹಾಗೇ ಇದೆ. ಆಟವಾಡಿ ಬಾಯಾರಿದ ಮಗುವಿಗೆ ಅದರಲ್ಲಿ ಏನು ಕಾಣುತ್ತದೆ? ಕುಡಿದುಬಿಟ್ಟರೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ಒಳಗಿಳಿಯುವಾಗ ಸುಟ್ಟ ಗಂಟಲನ್ನು ಅದು ಬರುವಾಗ ಮತ್ತೊಮ್ಮೆ ಸುಡುತ್ತದೆ. ಬಾಟಲಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಿ. ಅಂದಹಾಗೆ, ಆಸಿಡ್ಡನ್ನು ಬಿಡಿಯಾಗಿ ಮಾರುವವರು ಕೊಳ್ಳುವವರ ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ದಾಖಲಿಸಿಯೇ ಮಾರಬೇಕೆಂದು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲೇ ಹೇಳಿದೆ. 18 ತುಂಬದವರಿಗೆ ಮಾರುವಂತೆಯೇ ಇಲ್ಲ.

ಕಪ್ಪು ಫಿನಾಯಿಲ್ ಬೆಕ್ಕುಗಳಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಂಡರೂ ಅಪಾಯವೇ.

ಡಕ್ಟಿನಲ್ಲಿ ಒಣಗಿದ ಪಾರಿವಾಳದ ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸಲೇಬಾರದು. ಆ ಧೂಳು ಶ್ವಾಸಕೋಶಕ್ಕಿಳಿದರೆ ಕಾಯಿಲೆ ತರಬಲ್ಲದು. ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಒದ್ದೆಯಾಗಿಯೇ ತೆಗೆಯಬೇಕು. ಬೇಸ್‌ಮೆಂಟಿನಲ್ಲಿ ನಿಂತ ಮಳೆನೀರಿಗೆ ಬರಿಗಾಲಲ್ಲಿ ಇಳಿಯುವುದೂ ಬೇಡ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಹಿಮ್ಮಡಿಯ ಒಂದು ಬಿರುಕು ಅದಕ್ಕೆ ಸಾಕು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ನೀರು ಖಾಲಿಯಾಗಿ ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಡ್ರಮ್ಮಿನ ನೀರು ಚೆಲ್ಲಿ ಸುಮ್ಮನಾದರೆ ಅರ್ಧ ಕೆಲಸವಷ್ಟೇ, ಒಳಗೋಡೆಯನ್ನು ಉಜ್ಜಲೇಬೇಕು.

ಈಗ ಎಲ್ಲಕ್ಕಿಂತ ಗಂಭೀರವಾದದ್ದು. ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ) ಮತ್ತು ಸೆಪ್ಟಿಕ್ ಟ್ಯಾಂಕಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಆದರೆ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 100 ಭಾಗದಷ್ಟಾದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯದಾಗುತ್ತದೆ. "ನಾತ ಕಮ್ಮಿಯಾಯ್ತು, ಇಳೀಬಹುದು" ಎನ್ನುವ ಆ ಗಳಿಗೆಯೇ ಸಾವಿನದಾಗಿರಬಹುದು. ಕುಡಿಯುವ ನೀರಿನ ಸಂಪಿನಲ್ಲಿ ನಾತವಿರದು, ಆದರೂ ಬಹುಕಾಲ ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಇಳಿದಿರಬಹುದು. ಹೊರಗಿನ ಗಾಳಿಯಲ್ಲಿ ಅದು ಸುಮಾರು ಶೇಕಡ 21, 19.5ಕ್ಕಿಂತ ಕೆಳಗಿಳಿದರೆ ಅಪಾಯದ ಗೆರೆ ದಾಟಿದಂತೆ. ಇಂಥ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ: ಮೊದಲು ಬಿದ್ದವನನ್ನು ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. ಬಿದ್ದವನು ಅಣ್ಣನೇ ಆಗಿರಲಿ, ಹಾಗೇ ಇಳಿಯಬಾರದು. 112ಕ್ಕೆ ಕರೆಮಾಡಿ, ಗಾಳಿಯ ಸಿಲಿಂಡರ್ ಇರುವವರನ್ನು ಕರೆಸಬೇಕು.

ರಕ್ಷಣಾ ಸಾಮಗ್ರಿಯಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. "ಕಂಟ್ರಾಕ್ಟರ್ ಕಳಿಸಿದ್ದು, ನಮಗೇನು ಗೊತ್ತು?" ಎಂದು ಅಸೋಸಿಯೇಷನ್ನು ಕೈತೊಳೆದುಕೊಳ್ಳಬಹುದೆಂದು ನಂಬಿ ಕೂರಬೇಡಿ. ಒಳಚರಂಡಿ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ಇನ್ನು ದಿನನಿತ್ಯದ ಕೆಲಸಕ್ಕೆ ಮರಳಿದರೆ, ಮೆಟ್ಟಿಲನ್ನು ಮೇಲಿನಿಂದ ಕೆಳಕ್ಕೆ ಒರೆಸಬೇಕು. ಅಗಲವಿದ್ದರೆ ಅರ್ಧ ಒರೆಸಿ, ಅದು ಒಣಗಿದ ಮೇಲೆ ಇನ್ನರ್ಧ. ಹಿಡಿಗಂಬಿಯ ಕಡೆ ಸದಾ ಒಣಗಿರಲಿ. ಹಳದಿ ಬೋರ್ಡು ಇಟ್ಟಿದ್ದರೂ ಮೊಬೈಲ್ ನೋಡುತ್ತಾ ಇಳಿಯುವವರನ್ನು ಯಾವ ಬೋರ್ಡೂ ಕಾಯದು.

ಮುಂದಿನ ಮೇಂಟೆನೆನ್ಸ್ ಮೀಟಿಂಗಿನಲ್ಲಿ ಬಣ್ಣ, ಪಾರ್ಕಿಂಗ್ ವಿಷಯ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ: ಹೌಸ್‌ಕೀಪಿಂಗ್‌ನವರ ಗ್ಲೌಸ್ ಹರಿದು ಎಷ್ಟು ದಿನವಾಯಿತು? ಅವರ ಇಎಸ್‌ಐ ಕಟ್ಟುತ್ತಿದ್ದಾರೆಯೇ? ಮೆಟ್ಟಿಲ ಕೆಳಗಿನ ಆ ಬಾಟಲಿಯಲ್ಲಿ ಏನಿದೆ?