ಕಾರ್ಕಳ ಸೀಮೆಯ ಎರಡು ಕೃತಿಗಳಲ್ಲಿ ಪ್ರೇಮಭಾವ

ಕೃತಿಯ ಭಾಷೆ ಹಳೆಯದಾಗಿದ್ದರೆ ಅದರೊಳಗಿನ ಪ್ರೇಮಭಾವವೂ ಹಳೆಯದೆಂದು ಊಹಿಸುವುದು ವಾಡಿಕೆ. ಈ ಊಹೆ ಎಷ್ಟು ದುರ್ಬಲವೆಂಬುದನ್ನು ಕಾರ್ಕಳ ಸೀಮೆಯ ಎರಡು ಕೃತಿಗಳಿಂದ ನಾವು ಅರಿಯಬಹುದು.

ಕಾರ್ಕಳದ ಭೈರರಸರ ಆಶ್ರಯದಲ್ಲಿದ್ದನೆಂದು ಪ್ರತೀತಿಯುಳ್ಳ ರತ್ನಾಕರವರ್ಣಿಯು ಸುಮಾರು 1557ರಲ್ಲಿ 'ಭರತೇಶವೈಭವ'ವನ್ನು ರಚಿಸಿದನು. ಅದರ ಭಾಷೆ ಜನರಿಗೆ ಹತ್ತಿರವಾದ ನಡುಗನ್ನಡ. ಛಂದಸ್ಸು ಹಾಡಲು ಒದಗುವ ಸಾಂಗತ್ಯ. ಆದರೆ ಅಲ್ಲಿಯ ಪ್ರೇಮ ಅರಮನೆಯದು. 96,000 ರಾಣಿಯರ ಪತಿಯಾದ ಭರತಚಕ್ರವರ್ತಿಯು ಭೋಗದ ನಡುವೆಯೂ ಯೋಗಿಯಾಗಿರುತ್ತಾನೆ. ರಾಣಿಯರ ಒಲವು ಆತನ ಆತ್ಮಸಾಧನೆಗೆ ಅಡ್ಡಿಯಲ್ಲವೆಂಬುದೇ ಕವಿಯ ನಿಲುವು.

ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಮುದ್ದಣನು ಉಡುಪಿಯಲ್ಲಿ ಶಾಲಾಶಿಕ್ಷಕನಾಗಿದ್ದು 1901ರಲ್ಲಿ ಕ್ಷಯದಿಂದ ತೀರಿಕೊಂಡನು. ಆತನ 'ಶ್ರೀರಾಮಾಶ್ವಮೇಧ'ವು ಹಳಗನ್ನಡದ ಗದ್ಯಕಾವ್ಯ; ಹೆಸರನ್ನು ಮರೆಸಿ, ಪೂರ್ವಕವಿಯ ಕೃತಿಯೆಂಬಂತೆ ಅದನ್ನು ಪ್ರಕಟಣೆಗೆ ಕಳುಹಿಸಿದ್ದನು. ಆದರೆ ರಾಮಕಥೆಯ ಸುತ್ತಣ ಚೌಕಟ್ಟಿನಲ್ಲಿ ಸಾಮಾನ್ಯ ಮನೆಯೊಂದರ ದಂಪತಿಗಳಿದ್ದಾರೆ. ಮಳೆಗಾಲದ ಬೇಸರ ಕಳೆಯಲು ಕಥೆ ಕೇಳುವ ಮನೋರಮೆಯು ಪದ್ಯ ಬೇಡ, ಗದ್ಯವೇ ಇರಲೆನ್ನುತ್ತಾಳೆ. ಸಂಸ್ಕೃತದ ಬಿಗುವನ್ನು ಆಕ್ಷೇಪಿಸುತ್ತಾಳೆ. ನಡುನಡುವೆ ಪತಿಯನ್ನು ಛೇಡಿಸುತ್ತಾಳೆ. ಇಲ್ಲಿ ಪ್ರೇಮವು ಇಬ್ಬರ ಸಲಿಗೆಯ ಮಾತಿನಲ್ಲಿ ಬೆಳೆಯುತ್ತದೆ.

ಹೀಗೆ ಈಚಿನ ಭಾಷೆಯಲ್ಲಿ ಪುರಾತನ ಚಕ್ರವರ್ತಿಯ ಒಲವೂ, ಪುರಾತನ ಭಾಷೆಯಲ್ಲಿ ಹೊಸಕಾಲದ ದಾಂಪತ್ಯವೂ ಮೈದಳೆದಿವೆ. ಆದರೂ ಮನೋರಮೆಯನ್ನು ನೋಡಿ ಅಂದಿನ ಉಡುಪಿಯ ಗೃಹಿಣಿಯರಿಗೆಲ್ಲ ಇಷ್ಟು ಸಲಿಗೆಯಿತ್ತೆಂದು ನಾವು ತೀರ್ಮಾನಿಸಲಾಗದು. ರಾಣಿಯರಂತೆ ಆಕೆಯೂ ಪುರುಷನೊಬ್ಬನ ಲೇಖನಿಯಿಂದ ಮೂಡಿದವಳು. ಅಂದಿನ ಮನೆಗಳ ಸ್ಥಿತಿಗೆ ಬೇರೆ ಆಧಾರಗಳನ್ನು ಅರಸಬೇಕು. ದಾಂಪತ್ಯ ಹೇಗಿರಬೇಕೆಂಬ ಒಬ್ಬ ಕವಿಯ ಬಯಕೆಗೆ ಮಾತ್ರ ಈ ಕೃತಿ ಸಾಕ್ಷಿ.