ಚಳಿಗೆ ಪೈಪ್ ಕಟ್ಟಿಕೊಂಡ್ರೆ ಆಳನ್ನು ಗುಂಡಿಗೆ ಇಳಿಸಬೇಡಿ: ಹೋಟೆಲ್, ಹೋಂಸ್ಟೇಯವರು ತಿಳಿದಿರಬೇಕಾದ್ದು

ಮಡಿಕೇರಿ: ಡಿಸೆಂಬರ್ ಬಂತೆಂದರೆ ಕೊಡಗಿನ ಹೋಟೆಲ್, ಹೋಂಸ್ಟೇಗಳಲ್ಲಿ ಗಿರಾಕಿಗಳೂ ಜಾಸ್ತಿ, ಪೈಪ್ ಕಟ್ಟಿಕೊಳ್ಳೋ ತಲೆನೋವೂ ಜಾಸ್ತಿ. ರಾತ್ರಿ ಪಾತ್ರೆ ತೊಳೆದಾಗ ಸರಾಗವಾಗಿ ಹೋದ ನೀರು ಬೆಳಗ್ಗೆ ಸಿಂಕ್‌ನಲ್ಲೇ ನಿಂತಿರುತ್ತೆ. ಮಧ್ಯಾಹ್ನದ ಹೊತ್ತಿಗೆ ಹಿತ್ತಲ ಛೇಂಬರ್ ಉಕ್ಕಿ, ವಾಸನೆ ಊಟಕ್ಕೆ ಕೂತವರ ತನಕ ಬರುತ್ತೆ. ಆಗ ಗಾಬರಿಯಲ್ಲಿ ಬರೋ ಮಾತು ಒಂದೇ: 'ಯಾರನ್ನಾದ್ರೂ ಕರೆಸಿ ಇಳಿಸಿ ಮಾರಾಯ್ರೆ.' ಆ ಮಾತು ಒಂದು ಜೀವವನ್ನೇ ತೆಗೆಯಬಹುದು.

ಚಳಿಯಲ್ಲೇ ಯಾಕೆ?

ಮನೆಯ ತೆಂಗಿನೆಣ್ಣೆ ಬಾಟಲಿ ನೋಡಿದರೆ ಸಾಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಹಂದಿ ಕೊಬ್ಬು, ತುಪ್ಪ, ಡಾಲ್ಡಾ ಅದಕ್ಕಿಂತ ಬೇಗ ಗಟ್ಟಿಯಾಗುತ್ತವೆ. ಪಂದಿಕರಿ ಮಾಡಿದ ಪಾತ್ರೆಯನ್ನು ಬಿಸಿನೀರಲ್ಲಿ ತೊಳೆದಾಗ ಕೊಬ್ಬು ಕರಗಿ ಸಿಂಕ್‌ನಿಂದ ಇಳಿದು ಹೋಗುತ್ತೆ ನಿಜ. ಆದರೆ ಹತ್ತಿಪ್ಪತ್ತು ಅಡಿ ದೂರದಲ್ಲಿ ಪೈಪ್ ತಣ್ಣಗಿರುತ್ತೆ. ಅಲ್ಲಿ ಕೊಬ್ಬು ಗೋಡೆಗೆ ಅಂಟಿ ಕೂರುತ್ತೆ. ಅದರ ಮೇಲೆ ಅನ್ನದ ಅಗುಳು, ಟೀಪುಡಿ, ಟಿಶ್ಯೂ ಪೇಪರ್ ಸೇರಿಕೊಂಡು ದಿನದಿನಕ್ಕೂ ಪೈಪಿನ ದಾರಿ ಸಣ್ಣದಾಗುತ್ತೆ.

ಹಾಗಾಗಿ 'ಒಂದು ಕೊಡ ಬಿಸಿನೀರು ಸುರಿದ್ರೆ ಸರಿಹೋಗುತ್ತೆ' ಅನ್ನೋದು ಅರ್ಧ ಸತ್ಯ. ಸಿಂಕ್ ಹತ್ತಿರದ ಬ್ಲಾಕ್ ಬಿಡಬಹುದು, ಆದರೆ ಕರಗಿದ ಕೊಬ್ಬು ಇನ್ನೂ ಮುಂದೆ, ಕೈಗೆ ಸಿಗದ ಜಾಗದಲ್ಲಿ ಹೋಗಿ ಕೂರುತ್ತೆ.

ಆ್ಯಸಿಡ್, ಕಾಸ್ಟಿಕ್ ಸೋಡಾ ಸುರಿಯೋದು ಇನ್ನೂ ಅಪಾಯ. ಬ್ಲಾಕ್ ಬಿಡದಿದ್ದರೆ ಅದು ಪೈಪ್‌ನಲ್ಲೇ ನಿಂತು, ಆಮೇಲೆ ಬಿಚ್ಚುವವರ ಕೈ, ಕಣ್ಣಿಗೆ ಹಾರುತ್ತೆ. ಟಾಯ್ಲೆಟ್ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕಿದರೆ ಕ್ಲೋರಿನ್ ವಿಷಾನಿಲ ಏಳುತ್ತೆ.

ಹಿಮ ಬೀಳೋ ದೇಶಗಳಲ್ಲಿ ಏನು ಮಾಡ್ತಾರೆ?

ಕೆನಡಾ, ಅಮೆರಿಕದ ಉತ್ತರ ಭಾಗದಲ್ಲಿ ನೆಲವೇ ನಾಲ್ಕೈದು ಅಡಿ ಆಳದವರೆಗೆ ಹೆಪ್ಪುಗಟ್ಟುತ್ತೆ. ಅದಕ್ಕೇ ಅಲ್ಲಿ ಒಳಚರಂಡಿ ಪೈಪ್‌ಗಳನ್ನು ಅದಕ್ಕಿಂತ ಕೆಳಗೆ ಹೂಳುತ್ತಾರೆ. ಆದರೂ ಕೊಬ್ಬಿನ ಕಾಟ ತಪ್ಪಿಲ್ಲ. ಅಲ್ಲಿ ಕೆಲಸದವರು ನೀರು ಬಿಸಿ ಮಾಡೋ ವ್ಯವಸ್ಥೆ ಇರೋ ಜೆಟ್ಟಿಂಗ್ ಮಷೀನನ್ನು ಗಾಡಿಯಲ್ಲೇ ತರುತ್ತಾರೆ.

ಲಂಡನ್‌ನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಸಿಕ್ಕಿದ ಕೊಬ್ಬಿನ ಗಡ್ಡೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕ ಇತ್ತು. ಅಡುಗೆ ಕೊಬ್ಬು ಮತ್ತು ಒದ್ದೆ ಟಿಶ್ಯೂ ಸೇರಿ ಬೆಳೆದದ್ದು. ಅದನ್ನು ಒಡೆದು ತೆಗೆಯಲು ಸುಮಾರು ಎರಡು ತಿಂಗಳು ಬೇಕಾಯ್ತು.

ಸರಿಯಾದ ಕೆಲಸ ಹೇಗಿರುತ್ತೆ?

ಕೆಲಸ ಬಲ್ಲವರು ಬಂದ ಕೂಡಲೇ ಪೈಪ್ ಕುಟ್ಟಲ್ಲ. ಮೊದಲು ಸಾಲಾಗಿ ಛೇಂಬರ್‌ಗಳ ಮುಚ್ಚಳ ತೆಗೆದು ನೋಡ್ತಾರೆ. ಒಂದು ತುಂಬಿ, ಅದರ ಮುಂದಿನದು ಖಾಲಿ ಇದ್ದರೆ ಬ್ಲಾಕ್ ಅವೆರಡರ ಮಧ್ಯೆ ಇದೆ ಅಂತ ಅರ್ಥ.

ಆಮೇಲೆ ಖಾಲಿ ಛೇಂಬರ್ ಕಡೆಯಿಂದ ಜೆಟ್ ಪೈಪ್ ಬಿಡ್ತಾರೆ. ಅದರ ಮೂತಿಯಲ್ಲಿ ಹಿಂದಕ್ಕೆ ನೀರು ಚಿಮ್ಮುವ ತೂತುಗಳಿರುತ್ತವೆ. ಆ ರಭಸಕ್ಕೆ ಪೈಪ್ ತಾನೇ ಮುಂದೆ ಹೋಗುತ್ತೆ, ಕೊಬ್ಬು ಕಿತ್ತು ಹಿಂದಕ್ಕೆ ಬರುತ್ತೆ. ಬಂದದ್ದನ್ನು ಸಕ್ಕಿಂಗ್ ಮಷೀನ್ ಹೀರುತ್ತೆ. ಮರದ ಬೇರು ನುಗ್ಗಿದ್ದರೆ ಸ್ಪ್ರಿಂಗ್ ಕೇಬಲ್ ತಿರುಗಿಸಿ ಕತ್ತರಿಸುತ್ತಾರೆ. ಮತ್ತೆ ಮತ್ತೆ ಅದೇ ಜಾಗದಲ್ಲಿ ಕಟ್ಟಿದರೆ ಕ್ಯಾಮೆರಾ ಬಿಟ್ಟು ಪೈಪ್ ಒಡೆದಿದೆಯಾ ನೋಡ್ತಾರೆ. ಇಷ್ಟೂ ಕೆಲಸ ನೆಲದ ಮೇಲೆ ನಿಂತೇ ಆಗುತ್ತೆ.

ಇಳಿದರೆ ಏನಾಗುತ್ತೆ?

ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿರುತ್ತೆ, ಆಮ್ಲಜನಕ ಕಮ್ಮಿ. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆ ವಾಸನೆ, ಆದರೆ ಪ್ರಮಾಣ ಹೆಚ್ಚಾದರೆ ಮೂಗೇ ಕೆಲಸ ನಿಲ್ಲಿಸುತ್ತೆ. 'ವಾಸನೆ ಹೋಯ್ತು, ಇಳಿಯಬಹುದು' ಅಂದುಕೊಂಡ ಹೊತ್ತಿಗೇ ಅಪಾಯ ಜಾಸ್ತಿ ಇರಬಹುದು. ಮೇಲಿನ ಗಟ್ಟಿ ಪದರ ಕೋಲಿನಿಂದ ಕೆದಕಿದರೂ ಒಳಗಿದ್ದ ಅನಿಲ ಒಮ್ಮೆಲೇ ಏಳುತ್ತೆ. ಮೊದಲನೆಯವನು ಕುಸಿದಾಗ ಎತ್ತಲು ಇಳಿದ ಎರಡನೆಯವನೂ ಸಾಯುವುದು ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ನಡೆದಿದೆ.

ಕಾನೂನು ಏನು ಹೇಳುತ್ತೆ?

2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ, ಸುರಕ್ಷಾ ಸಾಧನ, ಮುನ್ನೆಚ್ಚರಿಕೆ ಇಲ್ಲದೆ ಯಾರನ್ನೂ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಶುಚಿಗೆ ಹಚ್ಚುವಂತಿಲ್ಲ. ಇದು ನಗರಸಭೆಗೆ ಮಾತ್ರ ಅಲ್ಲ, ಮನೆ, ಹೋಟೆಲ್ ಮಾಲೀಕರಿಗೂ ಅನ್ವಯ. ಮೊದಲ ಸಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಜಾಮೀನುರಹಿತ ಅಪರಾಧ. 'ಅವನೇ ಇಳೀತೀನಿ ಅಂದ', 'ಮೇಸ್ತ್ರಿ ಕಳಿಸಿದ' ಅಂದರೆ ನಡೆಯಲ್ಲ. ಮೇಸ್ತ್ರಿ ಮೂಲಕ ಇಳಿಸಿದರೂ ತಪ್ಪೇ.

ಒಳಚರಂಡಿ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಅದಕ್ಕೂ ಮೊದಲು ಈ ಮೊತ್ತ 10 ಲಕ್ಷ ಇತ್ತು.

ನೀವು ಮಾಡಬೇಕಾದ್ದು

* ಪಾತ್ರೆಯ ಜಿಡ್ಡನ್ನು ಮೊದಲು ಪೇಪರ್‌ನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ.
* ಕರಿದ ಎಣ್ಣೆಯನ್ನು ಸಿಂಕ್‌ಗೆ ಸುರಿಯಬೇಡಿ, ಡಬ್ಬದಲ್ಲಿ ಕೂಡಿಡಿ.
* ಹೋಟೆಲ್, ಬೇಕರಿ, ಮಾಂಸದಂಗಡಿಯವರು ಸಿಂಕ್ ಮತ್ತು ಛೇಂಬರ್ ಮಧ್ಯೆ ಗ್ರೀಸ್ ಟ್ರ್ಯಾಪ್ ಹಾಕಿಸಿ. ಆ ಪೆಟ್ಟಿಗೆಯಲ್ಲಿ ಜಿಡ್ಡು ಮೇಲೆ ತೇಲಿ ನಿಲ್ಲುತ್ತೆ, ನೀರು ಕೆಳಗಿಂದ ಹೋಗುತ್ತೆ. ವಾರ ವಾರ ಜಿಡ್ಡು ತೆಗೆಯದಿದ್ದರೆ ಟ್ರ್ಯಾಪ್ ಇದ್ದೂ ಉಪಯೋಗ ಇಲ್ಲ.
* ಸೆಪ್ಟಿಕ್ ಟ್ಯಾಂಕನ್ನು ಎರಡು-ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಮಷೀನ್‌ನಿಂದ ಖಾಲಿ ಮಾಡಿಸಿ, ಉಕ್ಕುವ ತನಕ ಕಾಯಬೇಡಿ.
* ಬ್ಲಾಕ್ ಆದರೆ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಮಷೀನ್ ಕೇಳಿ.
* ಯಾರಾದರೂ ಗುಂಡಿಯಲ್ಲಿ ಕುಸಿದರೆ ನೀವು ಇಳಿಯಬೇಡಿ. ಕೂಡಲೇ 112ಕ್ಕೆ ಫೋನ್ ಮಾಡಿ.

ಮಷೀನ್ ಬರೋದು ಒಂದು ದಿನ ತಡವಾಗಬಹುದು, ಅಷ್ಟು ಹೊತ್ತು ಅಡುಗೆಮನೆ ಮುಚ್ಚಬೇಕಾಗಬಹುದು. ಒಂದು ದಿನದ ವ್ಯಾಪಾರ ನಾಳೆ ಮಾಡಿಕೊಳ್ಳಬಹುದು. ಕೂಲಿಗೆ ಬಂದವನು ಸಂಜೆ ಅವನ ಮನೆಗೆ ವಾಪಸ್ ಹೋಗಬೇಕು.