ಹಲ್ಲಿನ ಗಾರೆಗೂ ಬೇಕು ಕಾಲಾವಕಾಶ

ಅರಬೈಲ್ ಘಟ್ಟದ ತಿರುವುಗಳನ್ನು ಬಲ್ಲವರಿಗೆ, ಹಲ್ಲುನೋವಿನ ಹುಡುಗನನ್ನು ಅಲ್ಲಿಂದ ಬಸ್ಸಿನಲ್ಲಿ ಪಟ್ಟಣಕ್ಕೆ ಕರೆತರುವ ಕಷ್ಟವನ್ನು ವಿವರಿಸಬೇಕಾಗಿಲ್ಲ. ಅರಬೈಲಿನ ನನ್ನ ಸೋದರತ್ತೆ ಕಳೆದ ವರ್ಷ ಮೊಮ್ಮಗನೊಡನೆ ಹೀಗೆಯೇ ನಮ್ಮ ಮನೆಗೆ ಬಂದಿಳಿದರು. ಹನ್ನೆರಡು ವರ್ಷದ ಹುಡುಗ. ದವಡೆಹಲ್ಲಿನಲ್ಲಿ ಆಳವಾದ ಹುಳುಕು. ದಂತವೈದ್ಯರು ಹುಳುಕನ್ನು ಕೆರೆದು, ಬಿಳಿಯ ಗಾರೆಯಂಥದೊಂದನ್ನು ತುಂಬಿ, “ಎರಡು ವಾರ ಬಿಟ್ಟು ಬನ್ನಿ, ಮೇಲಿನ ಭಾಗವನ್ನು ಆಗ ತುಂಬೋಣ” ಎಂದರು.

ಅತ್ತೆಗೆ ಸಮಾಧಾನವಾಗಲಿಲ್ಲ. “ಒಂದೇ ದಿನದಲ್ಲಿ ಮುಗಿಸಬಾರದಿತ್ತೇ ತಮ್ಮಾ? ಇನ್ನೊಂದು ಸಲದ ಹಣದಾಸೆಯೋ ಏನೋ!” ಎಂದರು. 2021ರ ಜುಲೈ ಮಳೆಯಲ್ಲಿ ಗುಡ್ಡ ಕುಸಿದು ಘಟ್ಟದ ಸಂಚಾರ ನಿಂತುದನ್ನು ಕಂಡವರು ಅವರು. ಎರಡನೆಯ ಪ್ರಯಾಣ ಅವರಿಗೆ ಹಗುರವಾದ ಮಾತಲ್ಲ.

ಆದರೆ ವೈದ್ಯರ ಮಾತಿಗೆ ಕಾರಣವಿತ್ತು. ವಾಚಕರ ಮನೆಗಳಲ್ಲಿಯೂ ಇಂಥ ಸಂದರ್ಭ ಒದಗಬಹುದಾದುದರಿಂದ ಅದನ್ನಿಲ್ಲಿ ನಿವೇದಿಸುತ್ತೇನೆ.

ಹಲ್ಲಿನೊಳಗೆ ನರ, ರಕ್ತನಾಳಗಳಿಂದ ಕೂಡಿದ ಜೀವಂತ ತಿರುಳುಂಟು. ಹುಳುಕು ಅದರ ಸಮೀಪಕ್ಕೆ ಬಂದಾಗ ತಿರುಳನ್ನು ಉಳಿಸಲು ಹೊದಿಸುವ ಗಾರೆಯೇ ಕ್ಯಾಲ್ಸಿಯಂ ಸಿಲಿಕೇಟ್. ಇದು ಮನೆ ಕಟ್ಟುವ ಸಿಮೆಂಟಿನ ಹತ್ತಿರದ ಬಂಧು. ಜೋಸೆಫ್ ಆಸ್ಪ್‌ಡಿನ್ ಇಂಗ್ಲೆಂಡಿನಲ್ಲಿ 1824ರಲ್ಲಿ ಹಕ್ಕು ಪಡೆದ ಪೋರ್ಟ್‌ಲೆಂಡ್ ಸಿಮೆಂಟಿನ ವಂಶದ್ದೇ ಆದ ‘ಎಂ.ಟಿ.ಎ.’ ಎಂಬ ಗಾರೆಯನ್ನು 1990ರ ದಶಕದಲ್ಲಿ ಅಮೆರಿಕದ ಲೋಮ ಲಿಂಡ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ದಂತವೈದ್ಯಕ್ಕೆ ತಂದರು. ‘ಬಯೋಡೆಂಟಿನ್’ ಅದರ ತರುವಾಯ ಬಂದುದು. ಇವು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಹೊರಬೀಳುವ ಸುಣ್ಣದ ಅಂಶ ಕ್ರಿಮಿಗಳನ್ನು ಅಡಗಿಸುತ್ತದೆ. ತಿರುಳು ತನ್ನ ರಕ್ಷಣೆಗೆ ತಾನೇ ಹೊಸ ಪದರವೊಂದನ್ನು ಕಟ್ಟಿಕೊಳ್ಳುವಂತೆ ಪ್ರೇರಿಸುತ್ತದೆ.

ಎಂ.ಟಿ.ಎ. ಗಟ್ಟಿಯಾಗಲು ಸುಮಾರು ಎರಡು ಮುಕ್ಕಾಲು ಗಂಟೆ ಬೇಕು. ಬಯೋಡೆಂಟಿನ್‌ಗೆ ಸುಮಾರು 12 ನಿಮಿಷ ಸಾಕು. ಆದರೆ ಮೇಲ್ಮೈ ಬಿಗಿದ ಮಾತ್ರಕ್ಕೆ ಒಳಗು ಮಾಗಿತೆಂದಲ್ಲ. ಅತ್ತೆಗೆ ನಾನು ಅವರ ಅಡಕೆ ಒಣಗಿಸುವ ಅಂಗಳವನ್ನೇ ನೆನಪಿಸಿದೆ. ಸಿಮೆಂಟು ಹಾಕಿದ ಮರುದಿನವೇ ಅದು ಗಟ್ಟಿಯಾಗಿ ಕಾಣುತ್ತಿದ್ದರೂ, ದಿನಗಟ್ಟಲೆ ನೀರುಣಿಸಿದವರು ಅವರೇ ಅಲ್ಲವೇ?

ಮೇಲೆ ತುಂಬುವ ‘ಕಾಂಪೋಸಿಟ್’ ರಾಳ ಮತ್ತು ಗಾಜಿನ ಪುಡಿಯ ಮಿಶ್ರಣ. ಅದು ಅಂಟಿಕೊಳ್ಳಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಸವರಿ ತೊಳೆಯುವುದುಂಟು; ಆಮೇಲೆ ನೀಲಿ ಬೆಳಕು ಹಾಯಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಬಿಗಿಯುತ್ತದೆ. ಬಿಗಿಯುವಾಗ ತುಸು ಕುಗ್ಗುತ್ತದೆ. ಎಳೆಯ ಗಾರೆಯನ್ನು ಆಮ್ಲ ಕೊರೆಯಬಹುದು, ಈ ಕುಗ್ಗುವಿಕೆ ಎಳೆಯಬಹುದು. ಸಂದು ಬಿಟ್ಟರೆ ಕ್ರಿಮಿಗಳಿಗೆ ದಾರಿಯಾಗಿ, ಉಳಿಸಹೊರಟ ತಿರುಳೇ ಸಾಯಬಹುದು.

ಆದುದರಿಂದಲೇ ಎಂ.ಟಿ.ಎ. ಮೇಲೆ ಆಮ್ಲ ಸವರಲು 96 ಗಂಟೆಯಾದರೂ, ಬಯೋಡೆಂಟಿನ್ ಮೇಲೆ ಕಾಂಪೋಸಿಟ್ ತುಂಬಲು ಎರಡು ವಾರವಾದರೂ ಕಾಯುವುದು ಲೇಸೆಂದು ಕೆಲವು ಸಂಶೋಧಕರು ಹೇಳಿದ್ದಾರೆ. ಪ್ರಯೋಗಾಲಯದ ಫಲಿತಾಂಶಗಳೆಲ್ಲ ಒಂದೇ ತೆರನಾಗಿಲ್ಲವೆಂಬುದೂ ನಿಜ. ನಡುವೆ ‘ಗ್ಲಾಸ್ ಅಯೋನೊಮರ್’ ಪದರವಿಟ್ಟು ಅಂದೇ ಮುಗಿಸುವ ಮಾರ್ಗವೂ ಇದೆ. ಬೆಳಕಿನಿಂದಲೇ ಬಿಗಿಯುವ, ರಾಳ ಬೆರೆತ ಗಾರೆಯೂ ಇದೆ. ಯಾವುದು ತಕ್ಕುದೆಂಬುದು ಹಲ್ಲಿನ ಸ್ಥಿತಿಯನ್ನು ಅವಲಂಬಿಸಿದೆ. ದೂರದಿಂದ ಬಂದವರು ಆರಂಭದಲ್ಲಿಯೇ ವೈದ್ಯರನ್ನು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಕಾಯಬೇಕಾದಲ್ಲಿ, ಆ ಕಡೆಯಿಂದ ಗಟ್ಟಿ ಪದಾರ್ಥಗಳನ್ನು ಅಗಿಯಬಾರದು. ಊತ, ರಾತ್ರಿಯ ನೋವು ಕಂಡರೆ ಗೊತ್ತುಮಾಡಿದ ದಿನದವರೆಗೆ ತಡೆಯಬಾರದು.

ಎರಡು ವಾರದ ಬಳಿಕ ಅತ್ತೆ ಮೊಮ್ಮಗನೊಡನೆ ಮತ್ತೆ ಬಂದರು. ವೈದ್ಯರು ಹಲ್ಲಿಗೆ ತಂಪು ತಾಗಿಸಿದರು; ಹುಡುಗ “ಜುಮ್ಮೆಂದಿತು” ಎಂದ, ತೆಗೆದೊಡನೆ ಜುಮ್ಮು ಅಡಗಿತು. ತಿರುಳು ಜೀವಂತವಾಗಿದೆಯೆಂಬುದಕ್ಕೆ ಅದು ಒಳ್ಳೆಯ ಗುರುತು. ಕಾಂಪೋಸಿಟ್ ತುಂಬಿಸಿಕೊಂಡು ಸಂಜೆಯ ಬಸ್ಸಿಗೆ ಹೊರಟರು.

ಬಸ್ಸು ಹತ್ತುವಾಗ ಅತ್ತೆ ತಿರುಗಿ ನೋಡಿ, “ಅಂಗಳದ ಲೆಕ್ಕವನ್ನು ಆ ವೈದ್ಯರೇ ಮೊದಲು ಹೇಳಿದ್ದರೆ ನಾನೇಕೆ ಅವರನ್ನು ಅನ್ನುತ್ತಿದ್ದೆ, ತಮ್ಮಾ?” ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.